ಐವತ್ತು ಸೆಂಟಿನ ಕಳೆ

ಕನ್ನಡದಲ್ಲಿ ಮುಖಕ್ಕೂ ಕಳೆಯುಂಟು, ನೆಲಕ್ಕೂ ಕಳೆಯುಂಟು. ಮೊದಲನೆಯದು ಹೋದರೆ ಚಿಂತೆ, ಎರಡನೆಯದು ಹೋಗದಿದ್ದರೆ ಚಿಂತೆ. ಈ ಎರಡೂ ಚಿಂತೆಗಳು ಒಬ್ಬನಿಗೇ ಒಟ್ಟಿಗೆ ಬರಬಹುದೆಂದು, ಹೋದ ವರ್ಷ ತಿರುವನಂತಪುರದಿಂದ ಒಂದು ಫೋನು ಬರುವವರೆಗೆ ನನಗೆ ಹೊಳೆದಿರಲಿಲ್ಲ.

ಧಾರವಾಡದಲ್ಲಿ ಹುಟ್ಟಿದ ನಾನು ಕೇಂದ್ರ ಸರ್ಕಾರದ ನೌಕರಿಯ ಕೃಪೆಯಿಂದ ಕೇರಳದವನಾದೆ. ತಿರುವನಂತಪುರದಲ್ಲಿದ್ದಾಗ, ನಿವೃತ್ತಿಯ ನಂತರ ಮನೆ ಕಟ್ಟುವ ಆಸೆಯಿಂದ ಊರ ಹೊರಗೆ ಐವತ್ತು ಸೆಂಟ್, ಎಂದರೆ ಅರ್ಧ ಎಕರೆ ಜಾಗ ಕೊಂಡಿದ್ದೆ. ಕೊಚ್ಚಿಗೆ ವರ್ಗವಾಗಿ ತ್ರಿಪ್ಪುಣಿತ್ತುರದಲ್ಲಿ ಮನೆ ಹಿಡಿದ ಮೇಲೆ ಅತ್ತ ತಲೆ ಹಾಕಲಿಲ್ಲ. ಯಜಮಾನನ ಔದಾಸೀನ್ಯವನ್ನೇ ಗೊಬ್ಬರ ಮಾಡಿಕೊಂಡು ಜಾಗ ಹುಲುಸಾಗಿ ಬೆಳೆಯಿತು.

ಫೋನು ಮಾಡಿದವರು ಆ ಜಾಗದ ಪಕ್ಕದ ಮನೆಯ ಲೀಲಾ ಚೇಚಿ. ಚೇಚಿ ಎಂದರೆ ಅಕ್ಕ. ನನಗಿಂತ ಕಿರಿಯರೇ ಇರಬಹುದು, ಆದರೆ ಕೇರಳದಲ್ಲಿ ಮರ್ಯಾದೆಗೆ ಜನ್ಮಪತ್ರ ಬೇಡ. “ಸಾರೇ, ನಿಮ್ಮ ಜಾಗದಿಂದ ನಮ್ಮ ಅಂಗಳಕ್ಕೆ ಹಾವು ಬಂತು. ಮೊಮ್ಮಗಳು ಆಡುವ ಅಂಗಳ. ಒಮ್ಮೆ ಬಂದು ನೋಡ್ತೀರಾ?” ಎಂದರು. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಬೈಯಲಿಲ್ಲವಾದ್ದರಿಂದ ಮರುದಿನವೇ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಕಳೆಗೆ ಹೊಡೆಯುವ ಔಷಧದ ಅಂಗಡಿಗೆ ಹೋದೆ.

ಅಂಗಡಿಯವರು ಮೊದಲು ಕೃಷಿ ಅಧಿಕಾರಿಯ ಚೀಟಿ ತನ್ನಿ ಎಂದರು. ಕಾಗದಪತ್ರದಲ್ಲಿ ನಾನು ಯಾರಿಗೂ ಸೋಲುವವನಲ್ಲ, ವಾರದೊಳಗೆ ತಂದೆ. ಆಮೇಲೆ ಅವರು ಕೇಳಿದ ಪ್ರಶ್ನೆ ಯಾವ ಕಡತದಲ್ಲೂ ಇರಲಿಲ್ಲ. “ಸಾರ್, ಅಲ್ಲಿ ಏನು ಬೆಳೆದಿದೆ?”

“ಹಸಿರಾಗಿ ಏನೋ ಬೆಳೆದಿದೆ” ಎಂದೆ.

ಅವರು ನಗಲಿಲ್ಲ, ಅದು ಅವರ ದೊಡ್ಡತನ. ಗಾಳಿಯ ಬಗ್ಗೆ, ಬೆಳಗಿನ ಹೊತ್ತಿನ ಬಗ್ಗೆ ಏನೇನೋ ಹೇಳಿದರು. ನಾನು ಬೆನ್ನಿಗೆ ಹಾಕಿಕೊಳ್ಳುವ ಪಂಪಿನ ಅಂದಚೆಂದ ನೋಡುತ್ತ ತಲೆಯಾಡಿಸಿದೆ. ಔಷಧದ ಡಬ್ಬಿ, ಪಂಪು ಕೊಂಡು ಮನೆಗೆ ಬಂದಾಗ ಮಗಳು, “ಅಪ್ಪಾ, ಆಳೆ ವಿಳಿಚ್ಚಾಲ್ ಪೋರೇ?” ಎಂದಳು. ಆಳನ್ನು ಕರೆದರೆ ಸಾಲದೇ, ಎಂದು. ನಾನು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರಿಸುವುದು ನಮ್ಮ ಮನೆಯ ರೂಢಿ. ಅವಳ ಮಾತು ಅರ್ಥವಾಯಿತು, ಕೇಳಲಿಲ್ಲ.

ಬೆಳಗಿನ ಜಾವ ಕಾರು ಹತ್ತಿದವನು ಜಾಗ ತಲುಪುವಾಗ ನಡುಮಧ್ಯಾಹ್ನ. ಕಳೆ ನನ್ನ ಭುಜದೆತ್ತರಕ್ಕೆ ನಿಂತಿತ್ತು. ಕೈಗವಸು, ಮುಖಕ್ಕೆ ಬಟ್ಟೆ, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಧರಿಸಿ, ಪಂಪು ಹೊತ್ತು, ಹಾವು ಬಂದ ಗಡಿಯಿಂದಲೇ ದಂಡಯಾತ್ರೆ ಆರಂಭಿಸಿದೆ. ಬೆವರಿನ ಆವಿಗೆ ಕನ್ನಡಕ ಮಂಜಾಯಿತು. ಗಾಳಿ ಬೀಸುತ್ತಿತ್ತು, ಸೆಕೆಯಲ್ಲಿ ಹಿತವಾಯಿತೆಂದೇ ಎಣಿಸಿದೆ. ನಾನು ಚಿಮ್ಮಿಸಿದ್ದು ಎಲೆಯ ಮೇಲೆ ನಿಲ್ಲದೆ ಹೊಗೆಯಂತೆ ಬೇಲಿಯಾಚೆಗೆ ಸಾಗುತ್ತಿದ್ದುದು ಕಾಣಿಸಲಿಲ್ಲ. ಬೇಲಿಯಾಚೆ ಹತ್ತು ಹೆಜ್ಜೆಯಲ್ಲಿ ಲೀಲಾ ಚೇಚಿಯ ತೆರೆದ ಬಾವಿ ಇದ್ದುದೂ ಕಾಣಿಸಲಿಲ್ಲ.

ಕಂಡದ್ದು ಒಂದು ನೀಲಿ ಬಣ್ಣದ ಹಾರಾಟ. ಕನ್ನಡಕ ತೆಗೆದು ನೋಡಿದರೆ, ಚೇಚಿ ಹಗ್ಗದಲ್ಲಿ ಒಣಗುತ್ತಿದ್ದ ಹೊದಿಕೆಯನ್ನು ಎಳೆದುಕೊಂಡು ಓಡಿಬಂದು ಬಾವಿಯ ಬಾಯಿಗೆ ಹಾಸಿ, ಅಂಚಿಗೆ ಬಕೆಟು, ಕಲ್ಲು ಹೇರುತ್ತಿದ್ದರು. ಅದು ಮುಗಿದ ಮೇಲೆಯೇ ನನ್ನತ್ತ ತಿರುಗಿದರು. “ಮತಿ ಸಾರೇ, ಮತಿ! ಸಾಕು! ಗಾಳಿ ನೋಡಿ!”

ಎಂಥ ಕ್ರಮ! ಮೊದಲು ನೀರು, ಆಮೇಲೆ ಕೂಗು. ನಾನಾಗಿದ್ದರೆ ಮೊದಲು ಕೂಗಿ, ಆಮೇಲೆ ಯಾರ ತಪ್ಪೆಂದು ನಿರ್ಧರಿಸಿ, ಕೊನೆಗೆ ಬಾವಿಯ ಕಡೆ ನೋಡುತ್ತಿದ್ದೆ.

ಚೇಚಿ ಅಡುಗೆಮನೆಯಲ್ಲಿ ತುಂಬಿಟ್ಟ ನೀರು ತಂದು, ಸಾಬೂನು ಕೊಟ್ಟು, ಮೊಣಕೈವರೆಗೆ ನನ್ನಿಂದ ಎರಡು ಸಲ ತೊಳೆಸಿದರು. ಆ ಬಾವಿ ಮೂರು ಮನೆಗಳದ್ದು. ಯಾವುದಕ್ಕೂ ಇರಲಿ ಎಂದು ಆ ವಾರವೆಲ್ಲ ಮೂರು ಮನೆಯವರೂ ಬೀದಿಯ ನಲ್ಲಿಯಿಂದ ಕುಡಿಯುವ ನೀರು ಹೊತ್ತರಂತೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರಿಂದ. ಚೇಚಿ ಅಂದು ಹೇಳಿದ್ದು ಇಷ್ಟೇ: “ನಾನು ಹದಿನೈದು ವರ್ಷದಿಂದ ಹೆಂಗಸರ ಗುಂಪು ಕಟ್ಟಿಕೊಂಡು ಇದೇ ಕಳೆ ತೆಗೆಯುವ ಕೆಲಸ ಮಾಡ್ತಿದ್ದೇನೆ. ಒಂದು ಮಾತು ಕೇಳಬಾರದಿತ್ತಾ ಸಾರೇ? ಮೊದಲು ಕೊಯ್ಯಬೇಕು. ಹೊಸ ಚಿಗುರು ಬಂದಾಗ ಎಲೆಗೆ ಮಾತ್ರ ಹೊಡೆಯಬೇಕು. ಬಾವಿಯ ಕಡೆ ಔಷಧ ಬೇಡ, ಕತ್ತಿ ಸಾಕು.”

ಕೆಲಸದ ಜೊತೆಗೆ ಡಬ್ಬಿ, ಪಂಪು, ಚೀಟಿ ಎಲ್ಲವನ್ನೂ ಚೇಚಿಯ ಗುಂಪಿಗೇ ಒಪ್ಪಿಸಿ ಹಿಂತಿರುಗಿದೆ. ಮರೆತದ್ದು ಕ್ಷಮೆ ಕೇಳುವುದನ್ನು. ಮರೆತದ್ದಲ್ಲ, ನಾಲಿಗೆ ಏಳಲಿಲ್ಲ.

ಮೂರು ವಾರ ಕಳೆದು ಔಷಧ ಹೊಡೆಯುವ ಬೆಳಿಗ್ಗೆ ಮತ್ತೆ ಹೋದೆ. ಎಂಥ ಕೆಲಸ ಅದು! ಕೊಯ್ದ ನೆಲ ಮೊದಲ ಬಾರಿಗೆ ತನ್ನ ಏರಿಳಿತ ತೋರಿಸುತ್ತಿತ್ತು. ಗಾಳಿ ತಿಳಿಯಲೆಂದು ಚೇಚಿ ಒಂದು ಕೋಲಿನ ತುದಿಗೆ ಹತ್ತಿಯ ದಾರ ಕಟ್ಟಿ ನೆಟ್ಟಿದ್ದರು. ದಾರ ಜೋತು ನಿಂತಾಗ ನಡೆಯುವರು, ಅಲುಗಿದರೆ ನಿಲ್ಲುವರು. ಪಂಪಿನ ಮೂತಿಗೆ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿಯ ಟೋಪಿ. ಮೊಣಕಾಲಿನ ಕೆಳಗೇ ಅದರ ಸಂಚಾರ. ಒಂದು ಹನಿಯೂ ದಾರಿ ತಪ್ಪಲಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ದುಡಿದರೂ ನಾನು ಒಂದು ದಿನ ಹಾಗೆ ಕೆಲಸ ಮಾಡಿದ್ದು ನೆನಪಿಲ್ಲ. ತಂದ ಔಷಧದಲ್ಲಿ ಮುಕ್ಕಾಲು ಪಾಲು ಉಳಿಯಿತು.

ಮಗಳಿಂದ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ: “ಒರು ತೆಟ್ಟು ಪಟ್ಟಿ ಚೇಚಿ, ಕ್ಷಮಿಕ್ಕಣಂ.” ಒಂದು ತಪ್ಪಾಯಿತು, ಕ್ಷಮಿಸಬೇಕು. ‘ಪಟ್ಟಿ’ ಎನ್ನುವಾಗ ನಾಲಿಗೆ ತುಸು ಹಿಂದೆ ಹೊರಳಿದರೆ ‘ನಾಯಿ’ ಎಂದಾಗುತ್ತದೆಂದು ಅವಳು ಎಚ್ಚರಿಸಿದ್ದಳು. ಹೊರಳಿತು. ಚೇಚಿ ಮುಖ ಆಚೆ ತಿರುಗಿಸಿಕೊಂಡು ನಕ್ಕರು. ಬೇಲಿಯಾಚೆ ಮೊಮ್ಮಗಳೂ ನಕ್ಕಳು.

ನಾನು ಬಿಡಲಿಲ್ಲ. ಬಲ್ಲ ಭಾಷೆಗಳನ್ನೆಲ್ಲ ಬೆರೆಸಿ, “ನಗುವ ಮಾತಲ್ಲ ಚೇಚಿ, ಮೂರು ಮನೆಯ ನೀರು ಕೆಡಿಸಲಿಕ್ಕಿದ್ದೆ” ಎಂದೆ.

ಚೇಚಿ ಕೈಗವಸು ಬಿಚ್ಚುತ್ತ, “ಮೂರಾ? ನಾಲ್ಕಲ್ಲವಾ ಸಾರೇ?” ಎಂದರು. “ನೀವು ಇಲ್ಲಿ ಮನೆ ಕಟ್ಟುವಾಗ ಇನ್ನೊಂದು ಬಾವಿ ಯಾಕೆ ತೋಡಿಸ್ತೀರಿ?”