ಎರಡು ಬಣ್ಣದ ದೋಣಿಯ ಫ್ರೆಂಚ್ ಸಿನಿಮಾ

ಪುಟ್ಟೀ, ಚಿನ್ನೂ, ಮೊನ್ನೆ ನಿಮ್ಮ ಜೊತೆ ಫ್ರೆಂಚ್ ಸಿನಿಮಾ ನೋಡುತ್ತಿದ್ದವಳು ಕೊನೆಯಲ್ಲಿ ಎದ್ದು ಅಡುಗೆಮನೆಗೆ ಹೋದೆನಲ್ಲ. ಏಕೆಂದು ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ನಿಮ್ಮ ತಾತ ತೀರಿಕೊಂಡ ಚಳಿಗಾಲದಲ್ಲಿ ನಾನು ಮಾತೇ ಬಿಟ್ಟಿದ್ದೆ. ಇಲ್ಲಿ ಹಿಲ್ಸ್‌ಬರೋದ ನಮ್ಮ ಮನೆಸಾಲಿನಲ್ಲೇ ಮಗಳ ಮನೆಯಲ್ಲಿದ್ದರಲ್ಲ, ನೀವು ಮಂಗಳೂರು ಆಂಟಿ ಎನ್ನುತ್ತಿದ್ದವರು, ಅವರು ಹಿಮ ತುಳಿದುಕೊಂಡು ಬಂದರು.

"ಒಬ್ಬರೇ ಕೂತು ಎಂತ ಮಾಡ್ತೀರಿ ಮಾರಾಯ್ರೆ? ನಗುವ ಪಿಕ್ಚರ್ ಉಂಟು, ಬನ್ನಿ."

"ನಂಗೆ ಇಂಗ್ಲಿಷೇ ಬರಲ್ಲ, ಫ್ರೆಂಚ್ ಎಲ್ಲಿಂದ ಬರತ್ತೆ?"

"ಕೆಳಗೆ ಇಂಗ್ಲಿಷಲ್ಲಿ ಬರ್ತದೆ. ನಾನು ಓದಿ ಹೇಳ್ತೇನೆ. ನೀವು ನಗಿ, ಸಾಕು."

ಕಥೆ ನಿಮಗೆ ಗೊತ್ತು. ಇಬ್ಬರು ಮುದಿ ಗೆಳೆಯರು ಸೇರಿ ಒಂದು ದೋಣಿ ಕೊಳ್ಳುತ್ತಾರೆ, ಜಗಳವಾಡಿ ಅರ್ಧರ್ಧಕ್ಕೆ ಬೇರೆ ಬೇರೆ ಬಣ್ಣ ಬಳಿಯುತ್ತಾರೆ. ಮೀಸೆಯವನು ಒಂದು ಕಡೆ ಹುಟ್ಟು ಹಾಕಿದರೆ ಬೊಕ್ಕತಲೆಯವನು ಬೇಕೆಂದೇ ಎದುರು ದಿಕ್ಕಿಗೆ. ಮೀಸೆಯವನು ಬಾಯಿ ತೆರೆದ ಕೂಡಲೇ ಆಂಟಿ ಅವನ ಮಾತು ಓದಿ ಹೇಳಿದರು: "ನಿನ್ನ ಮುಸುಡಿ ನೋಡಿ ಬಂಗುಡೆ ಮೀನೂ ಬಲೆಯಿಂದ ವಾಪಸ್ ಹೋಗ್ತದೆ ಮಾರಾಯ." ಮೀನು ಮುಟ್ಟದವಳು ನಾನು, ಆದರೂ ನಕ್ಕೆ. ತಾತ ಹೋದ ಮೇಲೆ ಅದೇ ಮೊದಲು.

ಅದೇ ಸಿನಿಮಾವನ್ನು ಎಷ್ಟು ಸಲ ನೋಡಿದೆವೋ. ಆಮೇಲೆ ಅವರಿಗೆ ಕಾಯಿಲೆಯಾಯಿತು. ಅವರ ಮನೆಯ ಹಾಲ್‌ನಲ್ಲೇ, ಟೀವಿ ಎದುರು ಮಂಚ ಹಾಕಿದರು. ಕೊನೆಯ ಸಲ ನೋಡುವಾಗ ಅವರ ಕಣ್ಣು ಮುಚ್ಚಿತ್ತು. ಮೀಸೆಯವನು ಒಬ್ಬನೇ ದೋಣಿ ಹತ್ತಿ ದಡದಲ್ಲಿದ್ದ ಗೆಳೆಯನನ್ನು ಕೂಗುವ ಹೊತ್ತಿಗೆ ಸರಿಯಾಗಿ, ಸಣ್ಣ ದನಿಯಲ್ಲಿ ಅಂದರು: "ಆ ಬದಿಗೆ ನೀನು ಕೂತ್ಕೊಳ್ಳದಿದ್ರೆ ದೋಣಿ ವಾಲ್ತದೆ." ನೋಡಿ ನೋಡಿ ಬಾಯಿಪಾಠವಾಗಿದೆ ಅಂದುಕೊಂಡೆ. ಅವರ ಹೊದಿಕೆ ಸರಿ ಮಾಡಿದೆ. ಮುಂದಿನ ವಾರ ಅವರಿರಲಿಲ್ಲ.

ಮೊನ್ನೆ ಆ ಜಾಗ ಬಂದಾಗ, "ಈಗ ನೋಡಿ, ದೋಣಿ ವಾಲತ್ತೆ ಅಂತಾನೆ" ಎಂದೆ.

"ನೋ ಅಜ್ಜಿ," ಎಂದೆ ಪುಟ್ಟಿ ನೀನು, "ಹೀ ಜಸ್ಟ್ ಸೆಡ್ ಹೀ ಈಸ್ ಹಂಗ್ರಿ."

ಅಷ್ಟು ಇಂಗ್ಲಿಷು ನನಗೂ ಅರ್ಥವಾಗುತ್ತದೆ. ನಿಮ್ಮನ್ನು ಕೇಳಿದರೆ, ಬಂಗುಡೆಯ ಮಾತೂ ಅದರಲ್ಲಿ ಇರಲಿಲ್ಲವಂತೆ. ಆಂಟಿ ಓದುತ್ತಿರಲಿಲ್ಲ ಮಕ್ಕಳೇ, ನನ್ನೊಡನೆ ಮಾತಾಡುತ್ತಿದ್ದರು.

ಆ ಸಿನಿಮಾ ನೀವು ಬೇಕೆಂದಾಗ ಟೀವಿಯಲ್ಲಿ ಸಿಗುತ್ತದೆ. ಅವರು ಹೇಳಿದ ಸಿನಿಮಾ ಇನ್ನೆಲ್ಲೂ ಸಿಗುವುದಿಲ್ಲ. ನೆನಪಿದ್ದಷ್ಟನ್ನು ಮುಂದಿನ ಹಾಳೆಗಳಲ್ಲಿ ಅವರ ಮಾತಿನಲ್ಲೇ ಬರೆದಿದ್ದೇನೆ. ಎಲ್ಲಾದರೂ ಜೋಪಾನವಾಗಿಡಿ. ಬೇಸ್‌ಮೆಂಟಿನಲ್ಲಿ ಮಾತ್ರ ಬೇಡ, ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ.