ತಂತಿಯ ಮೇಲೆ ಒಣಗಿದ ಕೌದಿ

ನನ್ನ ನೆನಪಿನ ಪುಸ್ತಕದಲ್ಲಿ ಎಲ್ಲಿಗೆ ಬಂದಿದ್ದೆವು ಸಂಪದಾ? ಹಾಂ, ನನ್ನ ತಮ್ಮ ದತ್ತಾತ್ರೇಯನ ಹತ್ತಿರ. ಬರೆದುಕೋ. ಸರ್ಕಾರಿ ವೈರ್‌ಲೆಸ್ ಇಲಾಖೆಯಿಂದ ನಿವೃತ್ತನಾದವನು ಮನೆಯಲ್ಲಿ ಕೂರಲಾರದೆ ನಾವಿರುವ ಈ ತೆಲುಗು ಊರಿನ ಮಾದಾಪುರದಲ್ಲಿ ಒಂದು ಕಂಪನಿಗೆ ಸೇರಿದ. ಅಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದೆಯಲ್ಲ, ಆ ಆಫೀಸುಗಳಿಗೆ ಗಾಳಿಯಲ್ಲೇ ಇಂಟರ್ನೆಟ್ ಕಳಿಸುವ ಆಂಟೆನಾಗಳಿಗೆ ಕಂಬ ಆರಿಸುವುದು ಅವನ ಕೆಲಸ. ಬೆಂಡೆಕಾಯಿ ಆರಿಸಲು ಬಾರದವನಿಗೆ ಕಂಬ ಆರಿಸುವ ಕೆಲಸ! ಇರಲಿ.

ಮೊದಲು ಅವನು ತಂತಿ ಬಿಗಿದು ನಿಲ್ಲಿಸುವ ಕಂಬ ಆರಿಸಿದ. ಅಗ್ಗ, ಬೇಗ ನಿಲ್ಲುತ್ತದೆ. ಮೂರು ದಿಕ್ಕಿಗೆ ಉಕ್ಕಿನ ತಂತಿ ಎಳೆದು ನೆಲಕ್ಕೆ ಬಿಗಿದರಾಯಿತು. ಕಾವಲಿಗೆ ಲಿಂಗಸುಗೂರಿನ ಅಮರಯ್ಯ, ಜೊತೆಗೆ ಹೆಂಡತಿ ಗದಿಗೆಮ್ಮ. ಪಕ್ಕದಲ್ಲೇ ತಗಡಿನ ಕೋಣೆ.

ಒಂದು ದಿನ ದತ್ತಾತ್ರೇಯ ಹೋದಾಗ ತಂತಿಯ ಮೇಲೆ ಹಳೇ ಸೀರೆ ಪೇರಿಸಿ ಹೊಲಿದ ಒದ್ದೆ ಕೌದಿ ತೂಗುತ್ತಿತ್ತು. ಗದಿಗೆಮ್ಮ ಓಡಿ ಬಂದಳು.

"ತಪ್ಪಾತ್ರಿ ಯಪ್ಪಾ, ಈಗ ತೆಗಿತೀನ್ರಿ. ಒಣ ಹಾಕಾಕ ಬ್ಯಾರೆ ಜಾಗಾನ ಇಲ್ರಿ."

ಬೆಳಗಿನಿಂದ ತೆಲುಗು, ಹಿಂದಿ ಮಾತಾಡಿ ಒಣಗಿದ್ದ ಅವನ ಬಾಯಿ ಆ ಕನ್ನಡಕ್ಕೆ ಕರಗಿಹೋಯಿತು. "ಇರ್ಲಿ ಬಿಡವಾ, ಬಿಸಿಲು ಛಲೋ ಅದ. ಒಣಗ್ಲಿ" ಎಂದುಬಿಟ್ಟ.

ಸಾಹೇಬರೇ ಹೇಳಿದ ಮೇಲೆ ಇನ್ನೇನು? ಸುತ್ತಲಿನ ಗುಡಿಸಲುಗಳ ಕೌದಿಗಳೆಲ್ಲ ಅಲ್ಲಿಗೇ ಬಂದವು. ಒಂದು ಮಧ್ಯಾಹ್ನ ಬಿರುಗಾಳಿಗೆ ಒದ್ದೆ ಕೌದಿಗಳು ತಂತಿಯನ್ನು ಜಗ್ಗಿ ಜಗ್ಗಿ ಬಿಗಿತ ಸಡಿಲಾಯಿತು, ಕಂಬ ವಾಲಿತು, ಒಂದು ಆಫೀಸಿನ ಇಂಟರ್ನೆಟ್ ರಾತ್ರಿಯವರೆಗೂ ನಿಂತಿತು.

ಮ್ಯಾನೇಜರ್ ಸುಶಾಂತ ಬಂದು ಹಿಂದಿಯಲ್ಲಿ ಕೂಗಾಡಿದ, ನಾನು ನಮ್ಮ ಮಾತಿನಲ್ಲೇ ಬರೆಸುತ್ತೇನೆ. "ಯಾರ್ರೀ ಇಲ್ಲಿ ಬಟ್ಟಿ ಹಾಕ್ಲಿಕ್ಕೆ ಹೇಳಿದ್ದು?"

ಅಮರಯ್ಯ ದತ್ತಾತ್ರೇಯನ ಮುಖ ನೋಡಿದ. ಬಾಯಿ ಬಿಡಲಿಲ್ಲ. ನಮ್ಮವನು ಬಗ್ಗಿ, ತಂತಿಯ ಬೋಲ್ಟು ನೋಡುತ್ತ ಕುಳಿತ. ಅಂದೇ ಅಮರಯ್ಯನನ್ನು ಕೆಲಸದಿಂದ ತೆಗೆದರು.

ಆಮೇಲೆ ಹೊಸ ಕಂಬದ ಮಾತು ಬಂತು. ಈ ಸಲ ದತ್ತಾತ್ರೇಯ ಯಾವ ತಂತಿಯೂ ಬೇಡದ, ತನ್ನ ನಾಲ್ಕು ಕಾಲಿನ ಮೇಲೆ ತಾನೇ ನಿಲ್ಲುವ ಟವರ್ ಆರಿಸಿದ.

"ಇದು ಭಾಳ ತುಟ್ಟಿ ಆಗ್ತದಲ್ರೀ" ಎಂದ ಸುಶಾಂತ. "ಮ್ಯಾಲಿನವರು ಕಾಗದದಾಗ ಕಾರಣ ಕೇಳ್ಯಾರ, ಗಾಳಿ ಅಂತ ಬರದುಬಿಡ್ರಿ."

ಬರೆದ. ಆದರೆ ಮನೆಗೆ ಬಂದವನು ಜೋಳದ ಭಕ್ಕರಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅಕ್ಕಾ, ಆಂವ ನನ್ನ ಮುಖಾ ನೋಡಿದ್ನಲ್ಲ..." ಎಂದು ಎಲ್ಲವನ್ನೂ ಹೇಳಿದ.

ನಾನೇನು ಸುಮ್ಮನಿರುವವಳೇ? "ಕಂಬಕ್ಕ ನಾಕು ಕಾಲು ಹುಡುಕ್ತಿ. ನಿನಗ ಎರಡು ಅವ ಅಲ್ಲ, ಎದ್ದು ನಿಂತು ಹೇಳ್ಲಿಕ್ಕೆ ಏನಾಗಿತ್ತೋ?" ಎಂದೆ.

ಮರುದಿನ ಅವನು 'ಗಾಳಿ'ಯನ್ನು ಹೊಡೆದುಹಾಕಿ, 'ಕೌದಿ ಒಣಗಿಸಲು ಒಪ್ಪಿಗೆ ಕೊಟ್ಟವನು ನಾನು. ತಂತಿಯಿದ್ದರೆ ಜನ ಬಟ್ಟೆ ಹಾಕುತ್ತಾರೆ' ಎಂದು ಬರೆದು ಸಹಿ ಹಾಕಿದ.

"ಇದೆಲ್ಲಾ ಬೇಕಿತ್ತೇನ್ರೀ?" ಎಂದ ಸುಶಾಂತ.

"ತಪ್ಪು ಗಾಳಿ ಮ್ಯಾಲೆ ಹಾಕಿದ್ರ ಅದು ಬಂದು ಜಗಳಾಡಂಗಿಲ್ಲ. ಅಮರಯ್ಯನೂ ಜಗಳಾಡ್ಲಿಲ್ಲ. ಅದ ನನಗ ತ್ರಾಸ ಆಗೇದ."

ದತ್ತಾತ್ರೇಯನಿಗೆ ಬೈಗುಳ ಸಿಕ್ಕಿತು, ಅಮರಯ್ಯನನ್ನು ಮತ್ತೆ ಇಟ್ಟುಕೊಳ್ಳಲು ಒಪ್ಪಿಗೆಯೂ ಸಿಕ್ಕಿತು. ಆದರೆ ತಗಡಿನ ಕೋಣೆ ಖಾಲಿಯಾಗಿತ್ತು. ಗಂಡಹೆಂಡತಿ ಯಾವುದೋ ಕಟ್ಟಡದ ಕೆಲಸಕ್ಕೆ ಹೋಗಿದ್ದಾರಂತೆ. ಯಾವುದೆಂದು ಯಾರಿಗೂ ಗೊತ್ತಿಲ್ಲ. ಭಾನುವಾರ ಬಂದರೆ ಸಾಕು, ದತ್ತಾತ್ರೇಯ ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಾನೆ. ಸಂಜೆ ಒಬ್ಬನೇ ವಾಪಸು ಬರುತ್ತಾನೆ.

ಸಾಕು, ಪೆನ್ನು ಇಡು. ನಾಳೆ ಮಾದಾಪುರಕ್ಕೆ ಹೋಗುತ್ತೀಯಲ್ಲ, ಗಾರೆ ಕೆಲಸ ನಡೆಯುವ ಕಡೆ ನಿಂತು ಕನ್ನಡದಲ್ಲೇ ಕೇಳು: ಲಿಂಗಸುಗೂರಿನ ಅಮರಯ್ಯ ಯಾರೆಂದು. ಸಿಕ್ಕರೆ ಕೆಲಸ ಕಾದಿದೆಯೆಂದು ಹೇಳಿ, ನಮ್ಮ ಮನೆಯ ವಿಳಾಸ ಕೊಟ್ಟು ಬಾ.