ಮೆಟ್ಟಿಲುಗಲ್ಲಿಯ ವೈಫೈಗೆ ಚಿಜುರು ಕಾವಲು

ಬೆಳಗಿನ ಮೊದಲ ದೋಣಿ ಇನ್ನೂ ಹೊರಟಿಲ್ಲ. ಎದುರಿನ ದ್ವೀಪದಲ್ಲಿ ಹಡಗು ಕಟ್ಟುವ ಅಂಗಳದ ಕ್ರೇನುಗಳು ಮಂಜಿನಲ್ಲಿ ಅರ್ಧಂಬರ್ಧ ಕಾಣುತ್ತಿವೆ. ಜಪಾನಿನ ಒನೊಮಿಚಿ ಊರಿನ ಮೆಟ್ಟಿಲುಗಲ್ಲಿಯಲ್ಲಿ ಐವತ್ತೆಂಟರ ಚಿಜುರು ಹಿರಾಟ ಹೆಗಲಿಗೆ ಏಣಿ ಏರಿಸಿ, ಸೊಂಟಕ್ಕೆ ಒರೆಸುವ ಬಟ್ಟೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ಹಿಂದೆ ನಾನು, ಏದುಸಿರು ಬಿಡುತ್ತಾ. ಬರೆಯುವವರು ಬಂದಿದ್ದಾರೆ ಅಂತ ನಿಧಾನ ಮಾಡುವ ಪೈಕಿ ಅಲ್ಲ ಅವರು.

ಒಗುಶಿ ಅಜ್ಜಿಯ ಷರಬತ್ತಿನ ಅಂಗಡಿಯ ಸೂರಿಗೆ ಏಣಿ ಒರಗುತ್ತದೆ. ಸೂರಿನಡಿ ಚಪ್ಪಲಿ ಡಬ್ಬದಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಅದರ ಮೇಲೆ ಮುದುಡಿ ಮಲಗಿದ ಕಂದು ಬೆಕ್ಕು.

"ಏಳಮ್ಮಾ ಮಹಾರಾಣಿ, ಬೆಳಗಾಯ್ತು. ಗಿರಾಕಿಗಳು ಬರ್ತಾರೆ," ಎನ್ನುತ್ತಾರೆ ಚಿಜುರು. ಮಹಾರಾಣಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತಾಳೆ. ಅವಳನ್ನೆತ್ತಿ ಪಕ್ಕದ ಗೋಡೆಯ ಮೇಲಿಟ್ಟು, ಪೆಟ್ಟಿಗೆಗೆ ಅಂಟಿದ ಕೂದಲು ಒರೆಸಿ, ಸಂದಿಯಲ್ಲಿ ಮನೆ ಮಾಡಿದ ಜೇಡನಿಗೆ ಕ್ಷಮೆ ಕೇಳಿ ಹೊರಹಾಕಿ, ಸಣ್ಣ ದೀಪ ಹಸಿರಾಗಿದೆಯೇ ಎಂದು ನೋಡುತ್ತಾರೆ. ಹಸಿರಾಗಿದೆ.

ಪೆಟ್ಟಿಗೆಯ ಎದೆಗೊಂದು ಕಾಗದದ ಚೀಟಿ ಅಂಟಿದೆ. ಬೆಂಕಿಯಿಂದ ಕಾಯುವ ಅತಗೊ ದೇವರ ಗುಡಿಯಲ್ಲಿ ಕೊಡುವ ಬೆಂಕಿ ಚೀಟಿ. ನಮ್ಮೂರಿನ ಅಡುಗೆಮನೆಗಳಲ್ಲಿ ಒಲೆಯ ಪಕ್ಕ ಅಂಟಿಸಿರುತ್ತಾರಲ್ಲ, 'ಬೆಂಕಿ ಜೋಪಾನ' ಎಂದು ಬರೆದದ್ದು, ಅದೇ. ಒಲೆಗೆ ಸರಿ, ವೈಫೈ ಪೆಟ್ಟಿಗೆಗೆ ಯಾಕೆ? ನಾನೂ ಹಾಗೇ ಕೇಳಿದೆ. ಚಿಜುರು ನಕ್ಕು, "ಅದನ್ನ ಅಂಟಿಸಿದ ಮೇಲೇ ನಮ್ಮ ಗಲ್ಲಿ ಗೆದ್ದಿದ್ದು," ಎಂದರು.

ಈ ಪೆಟ್ಟಿಗೆಗಳು ಕೆಳಗಿನ ಒಣಮೀನಿನ ಅಂಗಡಿಯಿಂದ ಹಿಡಿದು ಮೇಲಿನ ಗುಡಿಯವರೆಗೆ ಗಲ್ಲಿಯ ಮನೆಗಳ ಸೂರಿನಡಿ ಇವೆ. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ನೀರಿನ ಬಕೆಟ್ಟು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಒಂದು ಪೆಟ್ಟಿಗೆ ಇನ್ನೊಂದಕ್ಕೆ ನೆಟ್ ದಾಟಿಸುತ್ತದೆ. ನಡುವೆ ಒಂದು ಕೈಬಿಟ್ಟರೆ ಅಲ್ಲಿಂದ ಮೇಲಿನದೆಲ್ಲ ಬರಿದು. ಹಸಿರು ದೀಪ ಇದ್ದರೆ ನೆಟ್ ಇದೆ. ಕಿತ್ತಳೆ ಬಣ್ಣವಾದರೆ ಕರೆಂಟ್ ಇದೆ, ಕೆಳಗಿನಿಂದ ನೆಟ್ ಬರುತ್ತಿಲ್ಲ. ದೀಪವೇ ಇಲ್ಲದಿದ್ದರೆ ಕರೆಂಟೂ ಇಲ್ಲ. ಗುಡ್ಡದ ಮೇಲಿನ ಸಣ್ಣ ವಸತಿಗೃಹಗಳಿಗೆ ಹೋಗುವ ಪರದೇಶದ ಪ್ರವಾಸಿಗರಿಗೆ ಇದೇ ಆಧಾರ. ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ತಂದ ವೈಫೈ ಡಬ್ಬಿ ಸಂಜೆಯಾಗುವಷ್ಟರಲ್ಲಿ ಬ್ಯಾಟರಿ ಮುಗಿದು ಕೈಕೊಡುತ್ತದೆ. ನಮ್ಮ ಗಲ್ಲಿಗಳೋ, ಇಲ್ಲೇ ಇಪ್ಪತ್ತು ವರ್ಷದಿಂದ ಇರುವ ನನ್ನನ್ನೇ ಆಗಾಗ ಯಾರದೋ ಹಿತ್ತಲಿಗೆ ತಂದು ನಿಲ್ಲಿಸುತ್ತವೆ. ಗಾಡಿ ಬರುವುದಿಲ್ಲ, ಬೀದಿಗೆ ಹೆಸರಿಲ್ಲ. ಫೋನಿನ ನಕ್ಷೆ ನಿಂತರೆ ಮನುಷ್ಯನೂ ನಿಂತ.

ಚಿಜುರು ಮೊದಲು ಎದುರು ದ್ವೀಪದಲ್ಲಿ ಹಡಗುಗಳಿಗೆ ತಂತಿ ಹಾಕುತ್ತಿದ್ದರು. ಹಡಗಿನ ಹೊಟ್ಟೆಯೊಳಗೆ ತೆವಳಿ ಹೋಗಿ, ಬೆನ್ನ ಮೇಲೆ ಮಲಗಿ ಮಾಡುವ ಕೆಲಸ. "ಗಂಡಸರಿಗೆ ಭುಜ ಅಗಲ, ಒಳಗೆ ಹೋಗ್ತಿರಲಿಲ್ಲ. ನನ್ನನ್ನ ತಳ್ತಿದ್ರು," ಎಂದು ಭುಜ ಮುದುಡಿ ತೋರಿಸುತ್ತಾರೆ. ಆ ಹಡಗಿನ ಅಂಗಳ ಮುಚ್ಚಿತು, ಕ್ರೇನುಗಳಷ್ಟೇ ಉಳಿದವು. ಗಂಡ ತೀರಿಕೊಂಡು ಆಗಷ್ಟೇ ವರ್ಷವಾಗಿತ್ತು. ಒಂದು ಚಳಿಗಾಲವಿಡೀ ಮನೆಯಲ್ಲಿ ಕೂತು, ಸಮುದ್ರ ನೋಡಿ ನೋಡಿ ಸಾಕಾಯಿತಂತೆ. ಆಗ ಗಲ್ಲಿಯ ವರ್ತಕರ ಸಂಘಕ್ಕೆ ಪುಕ್ಕಟೆ ವೈಫೈ ಹಾಕುವ ಯೋಚನೆ ಬಂತು. ಪೆಟ್ಟಿಗೆ ಇಡಲು ಮನೆಯವರು ಒಪ್ಪಬೇಕು, ಪ್ಲಗ್ಗಿಗೆ ಜಾಗ ಕೊಡಬೇಕು. ಗಲ್ಲಿಯ ಮನೆಗಳಲ್ಲಿರುವವರು ಬಹುಪಾಲು ಮುದುಕಿಯರು, ಅವರ ಹತ್ತಿರ ಹೋಗುವವರು ಯಾರು? ಚಿಜುರು ಹೋದರು. ಮನೆಮನೆಯಲ್ಲಿ ಚಹಾ ಕುಡಿದು ಹೊಟ್ಟೆ ಕೆಡಿಸಿಕೊಂಡು, "ತೊಂದರೆ ಆದ್ರೆ ನನ್ನನ್ನ ಬಯ್ಯಿರಿ" ಎಂದು ಎಲ್ಲರಿಗೂ ಮಾತು ಕೊಟ್ಟು ಬಂದರು. ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಸಂಬಳದ ಕೆಲಸವನ್ನು ಸಂಘ ಅವರಿಗೇ ಕೊಟ್ಟಿತು.

ತೊಂದರೆ ಶುರುವಾಗಿದ್ದು ಹೋದ ವಸಂತದಲ್ಲಿ, ಪೆಟ್ಟಿಗೆಗಳು ಕೂತೊಡನೆ. ಸಂಜೆಯಾಯಿತೆಂದರೆ ಮೇಲಿನ ಗಲ್ಲಿಯ ನೆಟ್ ಸತ್ತುಹೋಗುತ್ತಿತ್ತು. ಬೆಳಿಗ್ಗೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಹಸಿರು ದೀಪ. ಒಂದು ಸಂಜೆ ಡೆನ್ಮಾರ್ಕಿನ ಗಂಡ ಹೆಂಡತಿ ಎರಡು ದೊಡ್ಡ ಸೂಟ್‌ಕೇಸು, ಒಂದು ಅಳುವ ಕೂಸಿನೊಂದಿಗೆ ಮೆಟ್ಟಿಲ ನಡುವೆ ಕೂತಿದ್ದು ಚಿಜುರು ಕಣ್ಣಿಗೆ ಬಿತ್ತು. ನಕ್ಷೆ ಅರ್ಧ ದಾರಿಯಲ್ಲಿ ನಿಂತಿತ್ತು. ಅವರ ಸೂಟ್‌ಕೇಸು ತಾವೇ ಹೊತ್ತು ವಸತಿಗೃಹಕ್ಕೆ ಮುಟ್ಟಿಸಿದರು. "ಆ ಹೆಣ್ಣುಮಗಳು ಅಳ್ತಾ ಇದ್ಲು. ನನಗೆ ಅವಳ ಮಾತು ಬರಲ್ಲ, ಅವಳಿಗೆ ನನ್ನದು ಬರಲ್ಲ. ಫೋನಿದ್ದಿದ್ರೆ ಅದೇ ಹೇಳ್ತಿತ್ತು. ನನಗೆ ನಾಚಿಕೆ ಆಯ್ತು ಕಣ್ರೀ."

ವಸತಿಗೃಹದವರು ದೂರಿದರು. ಸಂಘದ ಅಧ್ಯಕ್ಷ ಕನೆಮಿತ್ಸು, ಅದೇ ಕೆಳಗಿನ ಒಣಮೀನಿನ ಅಂಗಡಿಯವರು, ಸಭೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ವೈಫೈ ಇದೆ ಅಂತ ಬೋರ್ಡು ಹಾಕಿ ಇಲ್ಲದಿದ್ರೆ ಊರಿಗೇ ಅವಮಾನ. ಶರತ್ಕಾಲದ ದೀಪದ ಹಬ್ಬದ ದಿನ ಕೊನೇ ಪರೀಕ್ಷೆ. ಅವತ್ತೂ ಕೈಕೊಟ್ರೆ ಕಿತ್ತು ಹಾಕೋದೇ." ಕಿತ್ತು ಹಾಕಿದರೆ ಚಿಜುರು ಅವರ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮನೆಮನೆಗೆ ಕೊಟ್ಟ ಮಾತು ಹೋಗುತ್ತಿತ್ತು.

ಸಂಜೆ ಸಂಜೆ ಏರಿ ನೋಡಿದರೆ ಒಗುಶಿ ಅಜ್ಜಿಯ ಪೆಟ್ಟಿಗೆಯಲ್ಲಿ ದೀಪವೇ ಇಲ್ಲ. ಅಜ್ಜಿ ಬಾಗಿಲು ಹಾಕಿ ಮಲಗಿರುತ್ತಿದ್ದರು. ಮರುದಿನ ಕೇಳಿದರೆ, "ನಿನ್ನ ಡಬ್ಬಾನ ನಾನು ಬೆರಳಲ್ಲೂ ಮುಟ್ಟಿಲ್ಲ ಕಣೇ ಹುಡುಗಿ!" ಎಂಬತ್ನಾಲ್ಕರ ಅಜ್ಜಿಗೆ ಐವತ್ತೆಂಟರ ಚಿಜುರು ಹುಡುಗಿಯೇ. ಚಿಜುರು ತಂತಿ ಬದಲಿಸಿದರು. ವೈಫೈ ಕಂಪನಿಯವರು ಪೆಟ್ಟಿಗೆಯನ್ನೇ ಬದಲಿಸಿದರು. ಊಹೂಂ.

ಕೊನೆಗೊಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಅಜ್ಜಿಯ ಜೊತೆ ಸುಟ್ಟ ಮೀನು ತಿನ್ನುತ್ತಾ ಕೂತರು. ಊಟ ಮುಗಿಯಿತು. ಅಜ್ಜಿ ಎದ್ದು ಗ್ಯಾಸು ತಿರುಗಿಸಿ, "ಬೆಂಕಿ ಜೋಪಾನ" ಎಂದರು. ಟೀವಿಯ ಪ್ಲಗ್ಗು ಕಿತ್ತು, "ಬೆಂಕಿ ಜೋಪಾನ." ನೀರು ಕಾಯಿಸುವ ಪಾತ್ರೆ, ಫ್ಯಾನು, ರೇಡಿಯೊ, ಒಂದೊಂದನ್ನೂ ಗೋಡೆಯಿಂದ ಕಿತ್ತರು. ಕೊನೆಗೆ ಕಿಟಕಿಯ ಬಳಿ ಕೈಚಾಚಿ ಇನ್ನೊಂದನ್ನೂ ಕಿತ್ತರು. ಹೊರಗೆ ಸೂರಿನಡಿ ಹಸಿರು ದೀಪ ಆರಿತು. ಡಬ್ಬ ಮುಟ್ಟಿಲ್ಲ ಎಂದದ್ದು ಸುಳ್ಳಲ್ಲ, ಮುಟ್ಟಿದ್ದು ಪ್ಲಗ್ಗನ್ನು. ಬೆಳಿಗ್ಗೆ ಎದ್ದೊಡನೆ ಎಲ್ಲವನ್ನೂ ಮತ್ತೆ ಚುಚ್ಚುತ್ತಿದ್ದರು, ಚಿಜುರು ಏಣಿ ತರುವ ಮೊದಲೇ.

"ನನಗೆ ನಗು ತಡೆಯೋಕೇ ಆಗಲಿಲ್ಲ," ಎನ್ನುತ್ತಾರೆ ಚಿಜುರು. "ಅಜ್ಜೀನ ನೋಡಿ ಅಲ್ಲ, ನನ್ನನ್ನೇ ನೋಡ್ಕೊಂಡು. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಊರೆಲ್ಲ ಹುಡುಕ್ತಾ ಇದ್ದೆನಲ್ಲ, ಅಷ್ಟೂ ದಿನ ನಾನೂ ನನ್ನ ಮನೇಲಿ ಎಲ್ಲಾ ಪ್ಲಗ್ಗು ಕಿತ್ತೇ ಮಲಗ್ತಿದ್ದೆ! ಉಸಿರಾಡಿದ್ದು ಯಾರಿಗಾದ್ರೂ ನೆನಪಿರುತ್ತಾ?"

ನಗು ಸರಿ, ಆದರೆ ಅಜ್ಜಿಗೆ ಹೇಳುವುದು ಹೇಗೆ? ಚಿಕ್ಕಂದಿನಲ್ಲಿ ಒಗುಶಿ ಅಜ್ಜಿಯ ಪಕ್ಕದ ಮನೆ ಸುಟ್ಟು ಬೂದಿಯಾಗಿತ್ತು. ಬೆಂಕಿ ಆರಿಸುವ ಗಾಡಿ ಇಂದಿಗೂ ಈ ಮೆಟ್ಟಿಲು ಹತ್ತಲಾರದು. ಇಲ್ಲಿ ಮರದ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಅಜ್ಜಿಯದು ಹುಚ್ಚು ಭಯ ಎನ್ನುವವರು ಇಲ್ಲಿ ಒಂದು ಚಳಿಗಾಲ ಇದ್ದು ನೋಡಲಿ.

ಆ ಸಂಜೆಯ ವಾದವನ್ನು ಚಿಜುರು ಎರಡೂ ದನಿಯಲ್ಲಿ ಮಾಡಿ ತೋರಿಸುತ್ತಾರೆ.

"ಅಜ್ಜಿ, ಫ್ರಿಜ್ಜು ಕೀಳಲ್ವಲ್ಲ ನೀವು?"

"ತಲೆ ಕೆಟ್ಟಿದ್ಯಾ? ತೋಫು ಹಳಸಿಹೋಗುತ್ತೆ."

"ಅದಕ್ಕೆ ರಾತ್ರಿ ಕೆಲಸ ಇದೆ. ಇದಕ್ಕೂ ಇದೆ. ಯಾರದೋ ಮನೆ ಮಕ್ಕಳು ನಮ್ಮ ಗಲ್ಲೀಲಿ ದಾರಿ ತಪ್ಪಿ ಕೂರ್ತಾರೆ."

"ಅದು ಬಿಸಿಯಾಗುತ್ತೆ ಕಣೇ. ಬೆಕ್ಕು ಸುಮ್ಮನೆ ಅದರ ಮೇಲೆ ಮಲಗುತ್ತಾ?"

"ಸುಡೋ ಹಾಗಿದ್ರೆ ಮಲಗುತ್ತಾ ಅಜ್ಜಿ?"

ಚಿಜುರು ಪೆಟ್ಟಿಗೆಯನ್ನು ಕಾವು ಆರುವ ಮೊದಲೇ ಕೆಳಗಿಳಿಸಿ, ಅಜ್ಜಿಯ ಕೈಹಿಡಿದು ಅದರ ಮೇಲಿಡಿಸಿದರು. ಹಡಗಿನಲ್ಲಿ ತಂತಿಯ ಕಾವನ್ನು ಅಂಗೈಯಲ್ಲೇ ನೋಡಿದವರು ಅವರು. ಅಜ್ಜಿ ಬಹಳ ಹೊತ್ತು ಕೈಯಿಟ್ಟು ನಿಂತು, "ನನ್ನ ಚಹಾಗಿಂತ ತಣ್ಣಗಿದೆ," ಎಂದರು. ಆದರೂ ಅವತ್ತು ಪ್ಲಗ್ಗು ಕಿತ್ತೇ ಮಲಗಿದರು. ಚಿಜುರು ಬಲವಂತ ಮಾಡಲಿಲ್ಲ. ಮರುದಿನ ಅಜ್ಜಿ ಕೋಲೂರಿಕೊಂಡು ಮೆಟ್ಟಿಲಿಳಿದು ಅತಗೊ ಗುಡಿಗೆ ಹೋದರು. ಬಂದವರೇ, "ಒಲೆಗೊಂದು ಚೀಟಿ, ನೀರು ಕಾಯಿಸೋದಕ್ಕೊಂದು ಚೀಟಿ. ಇದೇನು ಪಾಪ ಮಾಡಿತ್ತು? ಏಣಿ ಹತ್ತು, ಅಂಟಿಸು," ಎಂದರು. ಅಂದಿನಿಂದ ಆ ಪೆಟ್ಟಿಗೆ ಆರಿಲ್ಲ. ಗಲ್ಲಿಯ ಉಳಿದ ಮುದುಕಿಯರೂ ನಮಗೂ ಚೀಟಿ ಬೇಕು ಎಂದು ದುಂಬಾಲು ಬಿದ್ದರು. ಚಿಜುರು ಒಂದೊಂದನ್ನೂ ತಾವೇ ಹತ್ತಿ ಅಂಟಿಸಿದರು.

ಬಂತು ದೀಪದ ಹಬ್ಬ. ಮೆಟ್ಟಿಲುದ್ದಕ್ಕೂ ಕಾಗದದ ಗೂಡುದೀಪ, ಒಳಗೆ ನಿಜವಾದ ಮೇಣದಬತ್ತಿ. ಇಡೀ ವರ್ಷದಲ್ಲಿ ಊರಿಗೆ ಬೆಂಕಿಯ ಭಯ ಜಾಸ್ತಿ ಇರುವ ಸಂಜೆ. ಚಿಜುರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೇಲೆ ಕೆಳಗೆ ಓಡಾಡುತ್ತಿದ್ದರು. ಅಜ್ಜಿಯ ಅಂಗಡಿಯ ಮುಂದೆ ಪ್ರವಾಸಿಗರ ಗುಂಪು, ಕೈಯಲ್ಲಿ ನಿಂಬೆ ಷರಬತ್ತು, ಕಣ್ಣು ಫೋನಿನಲ್ಲಿ. ಕನೆಮಿತ್ಸು ಕೂಡ ಸಂಘದ ನೀಲಿ ಅಂಗಿ ತೊಟ್ಟು ಆಗಷ್ಟೇ ಮೇಲೇರಿ ಬಂದು ನಿಂತಿದ್ದರು. ನಾನೂ ಇದ್ದೆ.

ಕತ್ತಲು ಇಳಿಯುವ ಹೊತ್ತು. ಒಬ್ಬೊಬ್ಬರೇ ಫೋನನ್ನು ಮೇಲೆತ್ತಿ ಅಲ್ಲಾಡಿಸತೊಡಗಿದರು. ನನ್ನದೂ ನಿಂತಿತ್ತು.

"ನೋಡಿದ್ರಾ? ನಾನು ಹೇಳಿರಲಿಲ್ವಾ?" ಕನೆಮಿತ್ಸು ಅಂಗಡಿಯತ್ತ ತಿರುಗಿದರು. "ಅಜ್ಜೀ, ಇವತ್ತೊಂದು ದಿನ ಪ್ಲಗ್ಗು ಕೀಳದೆ ಬಿಡಬಾರದಿತ್ತಾ?"

ಒಗುಶಿ ಅಜ್ಜಿ ಕಿಟಕಿಯ ಪರದೆ ಸರಿಸಿದರು. ಪ್ಲಗ್ಗು ಗೋಡೆಯಲ್ಲಿ ಭದ್ರವಾಗಿತ್ತು. ಯಾರೂ ಮುಟ್ಟದಿರಲಿ ಎಂದು ಅದರ ಪಕ್ಕ ತಮ್ಮ ಸ್ಟೂಲು ಹಾಕಿಕೊಂಡು ಅವರೇ ಕಾವಲು ಕೂತಿದ್ದರು. ಚಿಜುರು ಸೂರಿನತ್ತ ನೋಡಿದರು. ಕಿತ್ತಳೆ ದೀಪ.

"ಇಲ್ಲಿ ಕರೆಂಟ್ ಇದೆ. ಕೆಳಗಿಂದ ಬರ್ತಿಲ್ಲ," ಎಂದವರೇ ಮೆಟ್ಟಿಲಿಳಿದು ಓಡಿದರು. ನಾವೆಲ್ಲ ಹಿಂದೆ. ಮುಂದಿನ ಪೆಟ್ಟಿಗೆ, ಕಿತ್ತಳೆ. ಅದರ ಕೆಳಗಿನದು, ಕಿತ್ತಳೆ. ಬಾಗಿಲಲ್ಲಿ ನಿಂತ ಮುದುಕಿಯರು, "ನಮ್ಮದಲ್ಲ ಚಿಜುರು, ನಮ್ಮದು ಚುಚ್ಚೇ ಇದೆ!" ಎಂದು ಕೂಗುತ್ತಿದ್ದರು. ಮೆಟ್ಟಿಲು ಮುಗಿದಲ್ಲಿ ಒಣಮೀನಿನ ಅಂಗಡಿ. ಬಾಗಿಲು ಮುಚ್ಚಿದೆ. ಸೂರಿನಡಿಯ ಮೊಟ್ಟಮೊದಲ ಪೆಟ್ಟಿಗೆಯಲ್ಲಿ ದೀಪವೇ ಇಲ್ಲ.

"ಅಧ್ಯಕ್ಷರೇ," ಚಿಜುರು ಮೆಲ್ಲಗೆ ಕೇಳಿದರು, "ಇವತ್ತು ಅಂಗಡಿ ಮುಚ್ಚಿದ್ದು ಯಾರು?"

ದಿನಾ ಮುಚ್ಚುವುದು ಅವರ ಹೆಂಡತಿ. ಆಕೆ ಮಧ್ಯಾಹ್ನದಿಂದ ಗುಡಿಯಲ್ಲಿ ಗೂಡುದೀಪ ಹಚ್ಚುತ್ತಿದ್ದರು. ಕನೆಮಿತ್ಸು ಜೇಬಿನಿಂದ ಬೀಗದ ಕೈ ತೆಗೆದರು. ಮುಖ ಅವರು ಮಾರುವ ಮೀನಿನಷ್ಟೇ ಒಣಗಿತ್ತು. ಒಳಗೆ ಫ್ರಿಜ್ಜೊಂದು ಬಿಟ್ಟು ಎಲ್ಲ ಪ್ಲಗ್ಗುಗಳೂ ನೀಟಾಗಿ ನೇತಾಡುತ್ತಿದ್ದವು.

"ಮೇಣದಬತ್ತಿ ಹಚ್ಚೋ ದಿನ ಅಲ್ವಾ…" ಎಂದರು ಅಧ್ಯಕ್ಷರು. "ಕೈ ತಾನಾಗೇ ಹೋಗಿದೆ."

ಚಿಜುರು ಪ್ಲಗ್ಗು ಚುಚ್ಚಿದರು. ಒಂದೆರಡು ನಿಮಿಷ ಎಲ್ಲರೂ ಸೂರಿನತ್ತಲೇ ನೋಡುತ್ತಿದ್ದರು. ಮೊದಲ ದೀಪ ಹಸಿರಾಯಿತು. ಆಮೇಲೆ ಅದರ ಮೇಲಿನದು. ಮೆಟ್ಟಿಲ ಮೇಲೆ ನಿಂತವರು ಒಬ್ಬರಾದ ಮೇಲೊಬ್ಬರು, "ಬಂತು! ಇಲ್ಲಿ ಬಂತು! ಮೇಲೂ ಬಂತು!" ಎಂದು ಕೂಗಿದ ಸದ್ದು ಗುಡ್ಡ ಹತ್ತುತ್ತಾ ಹೋಯಿತು. ಕೊನೆಗೆ ಗುಡಿಯ ಕಡೆಯಿಂದ, ಯಾವ ದೇಶದವರೋ ಏನೋ, ಗುಂಪಿಗೆ ಗುಂಪೇ ಹೋ ಎಂದು ಕಿರುಚಿತು. ನಾನು ಹೇಳುತ್ತೇನೆ, ಈ ಊರಿಗೆ ಬಂದ ಮೇಲೆ ನನಗೆ ಅಷ್ಟು ಖುಷಿಯಾದ ಸಂಜೆ ಇನ್ನೊಂದಿಲ್ಲ. ಚಿಜುರು ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತು, ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು, ಬೆಕ್ಕಿನ ಕೂದಲು ಮೂಗಿಗೆ ಹೋಗಿ ಸೀನುತ್ತಿದ್ದರು.

ಕನೆಮಿತ್ಸು ಮತ್ತೆ ಮೆಟ್ಟಿಲು ಹತ್ತಿ ಹೋಗಿ ಅಜ್ಜಿಯ ಮುಂದೆ ಸೊಂಟ ಬಗ್ಗಿಸಿ ನಿಂತರು. ಅಜ್ಜಿ ಬಿಡುವವರೇ? "ನೀನು ಚಡ್ಡಿಯಿಲ್ಲದೆ ಓಡಾಡ್ತಿದ್ದಾಗಿಂದ ನೋಡ್ತಿದ್ದೀನಿ ಕಣೋ. ಆಗಲೂ ತಪ್ಪು ಮಾಡಿ ಪಕ್ಕದವರ ಕಡೆ ಬೆರಳು ತೋರಿಸ್ತಿದ್ದೆ." ಜನವೆಲ್ಲ ನಕ್ಕರು, ಅಧ್ಯಕ್ಷರೂ ನಕ್ಕರು. ಅಜ್ಜಿ ಉಡುಪಿನ ಎದೆಯ ಮಡಿಕೆಯಿಂದ ಮಡಚಿದ ಕಾಗದ ತೆಗೆದರು. ಮಿಕ್ಕಿದ್ದ ಒಂದು ಬೆಂಕಿ ಚೀಟಿ. "ಹೋಗ್ಲಿ ಬಿಡು, ಬೆಂಕಿ ಜೋಪಾನ ಮಾಡಿದ್ದು ಒಳ್ಳೇದೇ. ತಗೋ, ನಿನ್ನದಕ್ಕೂ ಅಂಟಿಸು." ಅಧ್ಯಕ್ಷರು ಎರಡೂ ಕೈಯಲ್ಲಿ ತೆಗೆದುಕೊಂಡು, ನೆರೆದವರಿಗೆಲ್ಲ ಕೇಳುವಂತೆ ಹೇಳಿದರು: "ವೈಫೈ ಇರುತ್ತೆ. ಚಿಜುರು ಅವರೂ ಇರ್ತಾರೆ."

ಈಗ ಮೊದಲ ದೋಣಿ ಸೀಟಿ ಹಾಕುತ್ತಿದೆ. ಚಿಜುರು ಏಣಿ ಮಡಚುತ್ತಾರೆ. ಒಳಗಿನಿಂದ ಅಜ್ಜಿಯ ದನಿ: "ಹುಡುಗೀ, ನೆನ್ನೆ ರಾತ್ರೀನೂ ಹೇಳೇ ಮಲಗಿದ್ದೀನಿ ಕಣೇ." ಏನು ಹೇಳಿದಿರಿ ಎಂದು ನಾನು ಕೇಳುತ್ತೇನೆ. ಉಳಿದೆಲ್ಲ ಪ್ಲಗ್ಗು ಕಿತ್ತ ಮೇಲೆ ಅಜ್ಜಿ ಫ್ರಿಜ್ಜಿಗೊಮ್ಮೆ, ಕಿಟಕಿಯಾಚೆಯ ಪೆಟ್ಟಿಗೆಗೊಮ್ಮೆ ತಲೆ ಬಾಗಿಸಿ, "ನೀವಿಬ್ಬರು ಎದ್ದಿರಿ, ನಾನು ಮಲಗ್ತೀನಿ," ಎನ್ನುತ್ತಾರಂತೆ.

ಏನಾದರೂ ಆಸೆ ಉಂಟೇ ಎಂದರೆ ಚಿಜುರು ಗುಡಿಯ ಹಿಂದಿನ ಪೈನ್ ಮರದತ್ತ ಕೈತೋರಿಸುತ್ತಾರೆ. ಅಲ್ಲಿಗಿನ್ನೂ ನೆಟ್ ಮುಟ್ಟಿಲ್ಲ, ಅಲ್ಲೊಂದು ಪೆಟ್ಟಿಗೆ ಬೇಕಂತೆ. ಅಷ್ಟರಲ್ಲಿ ಬೆನ್ನಿಗೆ ದೊಡ್ಡ ಚೀಲ ಹೊತ್ತ ಇಬ್ಬರು ಹುಡುಗಿಯರು ಫೋನು ನೋಡುತ್ತಾ, ಎಲ್ಲೂ ನಿಲ್ಲದೆ, ನಮ್ಮನ್ನೂ ದಾಟಿ ಮೇಲೇರುತ್ತಾರೆ. ಚಿಜುರು ಏಣಿ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾರೆ.

"ಹಡಗಿಗೆ ತಂತಿ ಹಾಕ್ತಿದ್ದೆನಲ್ಲ, ಹಾಕಿ ಮುಗಿಸಿದ ಹಡಗೆಲ್ಲ ಹೊರಟುಹೋಗ್ತಿತ್ತು. ಒಂದೂ ತಿರುಗಿ ಬಂದಿದ್ದು ನಾನು ನೋಡಿಲ್ಲ," ಎನ್ನುತ್ತಾರೆ, ಆ ಹುಡುಗಿಯರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ. "ಈಗ ನೋಡಿ, ನನ್ನ ತಂತಿ ಹಿಡ್ಕೊಂಡು ಪ್ರಪಂಚಾನೇ ನನ್ನ ಗಲ್ಲಿಗೆ ಬರ್ತಿದೆ."